ಅಪಘಾತದ ಗಾಯಕ್ಕೆ ಪರಿಹಾರ: ಲೆಕ್ಕಕ್ಕೆ ಬರುವುದು ದುಡಿಮೆಯ ನಷ್ಟ

ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವರ ಮುಂದೆ ಅದೇ ದಿನ ರಾಜಿಯ ಮಾತು ಬರುವುದು ಹೊಸತೇನಲ್ಲ. ‘ಆಸ್ಪತ್ರೆ ಖರ್ಚು ನಾವೇ ಕೊಡುತ್ತೇವೆ, ಪೊಲೀಸ್ ದೂರು ಬೇಡ’ ಎಂಬುದು ವಾಹನದವರ ಕೋರಿಕೆ. ಕೆಲವು ತಿಂಗಳ ನಂತರ ಮೊದಲಿನಂತೆ ದುಡಿಯಲಾಗದು ಎಂಬುದು ಗಾಯಾಳುವಿಗೆ ಅರಿವಾಗುವ ಹೊತ್ತಿಗೆ ವಾಹನದವರೂ ಸಿಗುವುದಿಲ್ಲ, ಕೈಯಲ್ಲಿ ದಾಖಲೆಯೂ ಇರುವುದಿಲ್ಲ.

ಕಾನೂನು ಕೊಡಿಸುವ ಪರಿಹಾರ ಆಸ್ಪತ್ರೆಯ ಬಿಲ್ಲಿಗೆ ಸೀಮಿತವಲ್ಲ. ಗಾಯದಿಂದಾಗಿ ಮುಂದಿನ ಬದುಕಿನಲ್ಲಿ ಕಳೆದುಹೋಗುವ ಗಳಿಕೆಯೂ ಅದರಲ್ಲಿ ಸೇರಿದೆ. ಬಹುತೇಕ ಪ್ರಕರಣಗಳಲ್ಲಿ ದೊಡ್ಡ ಮೊತ್ತ ಇದೇ ಬಾಬಿನದು.

ತರಕಾರಿ ವ್ಯಾಪಾರಿಯ ಪ್ರಕರಣ

ಕರ್ನಾಟಕದ ಒಂದು ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. 2008ರಲ್ಲಿ ನಡೆದ ಅಪಘಾತದಲ್ಲಿ 24 ವರ್ಷದ ತರಕಾರಿ ವ್ಯಾಪಾರಿಯೊಬ್ಬರು ಬಲಗಾಲು ಕಳೆದುಕೊಂಡರು. ಅವರ ಗಳಿಕೆಯ ನಷ್ಟವನ್ನು ಹೈಕೋರ್ಟ್ ಶೇ. 65 ಎಂದು ಪರಿಗಣಿಸಿತ್ತು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ. 85ಕ್ಕೆ ಏರಿಸಿತು. ತರಕಾರಿ ವ್ಯಾಪಾರವೆಂದರೆ ಒಂದೆಡೆ ಕುಳಿತು ಮಾರುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಯಿಂದ ಸರಕು ತರಬೇಕು, ಗಾಡಿ ತಳ್ಳಬೇಕು, ಒಂದು ಕಾಲಿಲ್ಲದವರಿಗೆ ಇದು ಅತಿ ಕಷ್ಟ ಎಂಬುದು ನ್ಯಾಯಾಲಯದ ವಿವೇಚನೆಯಾಗಿತ್ತು.

ಇಂಥ ವೃತ್ತಿಯವರಿಂದ ಆದಾಯದ ದಾಖಲೆ ಕೇಳುವ ಅಗತ್ಯವಿರಲಿಲ್ಲ ಎಂದ ನ್ಯಾಯಾಲಯ, ತಿಂಗಳ ಆದಾಯವನ್ನು 6,500 ರೂಪಾಯಿ ಎಂದು ಒಪ್ಪಿತು. ಭವಿಷ್ಯದ ಏರಿಕೆಗೆ ಶೇ. 50 ಸೇರಿಸಿದಾಗ ಅದು 9,750 ರೂಪಾಯಿ ಆಯಿತು. ಅದನ್ನು 12 ತಿಂಗಳಿಂದ ಹಾಗೂ ವಯಸ್ಸಿಗೆ ತಕ್ಕ ಗುಣಕವಾದ 18ರಿಂದ ಗುಣಿಸಿ, ಶೇ. 85 ಲೆಕ್ಕ ಹಾಕಿದರೆ ದೊರೆಯುವ ಮೊತ್ತ 17,90,100 ರೂಪಾಯಿ. ಶೇ. 65 ಆಗಿದ್ದರೆ ಇದೇ ಲೆಕ್ಕ 13,68,900 ರೂಪಾಯಿಗೆ ನಿಲ್ಲುತ್ತಿತ್ತು. ನಾಲ್ಕು ಲಕ್ಷಕ್ಕೂ ಮೀರಿದ ಈ ಅಂತರಕ್ಕೆ ಕಾರಣ ಗಾಯವಲ್ಲ, ವೃತ್ತಿಯ ಸ್ವರೂಪವನ್ನು ಅರ್ಥ ಮಾಡಿಕೊಂಡ ರೀತಿ.

ಲೆಕ್ಕಾಚಾರದ ಸೂತ್ರ

ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿಪಡಿಸಿದೆ. 31ರಿಂದ 35 ವರ್ಷದವರಿಗೆ 16, 41ರಿಂದ 45ರವರಿಗೆ 14, 56ರಿಂದ 60ರವರಿಗೆ 9. ಸ್ವಂತ ಉದ್ಯೋಗದಲ್ಲಿರುವ 40 ವರ್ಷದೊಳಗಿನವರಿಗೆ ಭವಿಷ್ಯದ ಏರಿಕೆ ಶೇ. 40 ಎಂದು 2017ರ ಸಂವಿಧಾನ ಪೀಠದ ತೀರ್ಪು ನಿಗದಿ ಮಾಡಿದೆ. ಇದರ ಜೊತೆಗೆ ಚಿಕಿತ್ಸೆಯ ವೆಚ್ಚ, ಮುಂದಿನ ಶಸ್ತ್ರಚಿಕಿತ್ಸೆ, ರಜೆಯ ಅವಧಿಯ ಸಂಬಳ, ನೋವು ಮತ್ತು ಯಾತನೆ ಮುಂತಾದ ಬಾಬುಗಳಿವೆ.

ವೈದ್ಯರು ಬರೆಯುವ ಅಂಗವೈಕಲ್ಯದ ಪ್ರಮಾಣವೂ ಗಳಿಕೆಯ ನಷ್ಟದ ಪ್ರಮಾಣವೂ ಒಂದೇ ಅಲ್ಲ ಎಂದು 2010ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಲ್ಲಬಹುದು, ಸರ್ಕಾರಿ ಗುಮಾಸ್ತರ ಸಂಬಳ ಹಾಗೆಯೇ ಮುಂದುವರಿಯಬಹುದು. ಆದ್ದರಿಂದ ‘ನಾನು ಏನು ಕೆಲಸ ಮಾಡುತ್ತಿದ್ದೆ, ಈಗ ಅದರಲ್ಲಿ ಯಾವುದು ಸಾಧ್ಯವಿಲ್ಲ’ ಎಂಬುದನ್ನು ನ್ಯಾಯಮಂಡಳಿಗೆ ಮನವರಿಕೆ ಮಾಡಿಕೊಡುವುದು ಮುಖ್ಯ. ಚಿಕಿತ್ಸೆ ನೀಡಿದ ವೈದ್ಯರ ಸಾಕ್ಷ್ಯಕ್ಕೆ ಇಲ್ಲಿ ಹೆಚ್ಚಿನ ತೂಕವಿದೆ.

ಎಲ್ಲಿ, ಯಾವಾಗ ಅರ್ಜಿ?

ಅರ್ಜಿ ಸಲ್ಲಿಸಬೇಕಾದುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಅಪಘಾತ ನಡೆದ ಊರಿನಲ್ಲೇ ಸಲ್ಲಿಸಬೇಕೆಂದಿಲ್ಲ, ಗಾಯಾಳು ವಾಸವಿರುವ ಊರಿನಲ್ಲೂ ಸಲ್ಲಿಸಬಹುದು. ದಾವಣಗೆರೆಯ ಬಳಿ ಗಾಯಗೊಂಡ ಮೈಸೂರಿನವರು ಮೈಸೂರಿನಲ್ಲೇ ಪರಿಹಾರ ಕೋರಬಹುದು.

2019ರ ತಿದ್ದುಪಡಿಯ ಪ್ರಕಾರ 2022ರ ಏಪ್ರಿಲ್ 1ರಿಂದ ಆರು ತಿಂಗಳ ಕಾಲಮಿತಿ ಜಾರಿಗೆ ಬಂದಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿ ಕೂರದೆ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದೇ ಕ್ಷೇಮ.

ಸಹಿಗೆ ಮುನ್ನ ಯೋಚನೆ

ಯಾರ ತಪ್ಪೆಂದು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ರೂಪಾಯಿ ಪಡೆಯಲು ಕಾಯ್ದೆಯ 164ನೇ ಕಲಂ ಅವಕಾಶ ನೀಡುತ್ತದೆ. ಚಾಲಕನ ತಪ್ಪು ತೋರಿಸುವುದು ಕಷ್ಟವಾದಾಗ ಇದು ಆಸರೆ. ಆದರೆ ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಈ ಮೊತ್ತವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ಅರ್ಜಿ ಊರ್ಜಿತವಾಗಿ ಉಳಿಯುವುದಿಲ್ಲ. ಮೇಲಿನ ತರಕಾರಿ ವ್ಯಾಪಾರಿಗೆ ಅಂತಿಮವಾಗಿ ದೊರೆತುದು ಎಲ್ಲ ಬಾಬು ಸೇರಿ 21 ಲಕ್ಷಕ್ಕೂ ಹೆಚ್ಚು. ದುಡಿಮೆಗೆ ಶಾಶ್ವತ ಪೆಟ್ಟು ಬಿದ್ದಿದ್ದರೆ, ಸಹಿ ಹಾಕುವ ಮುನ್ನ ವಕೀಲರ ಸಲಹೆ ಪಡೆಯಬೇಕು.

ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ದಾರಿಯಿದೆ. ಅಂಥ ಪ್ರಕರಣಗಳಲ್ಲಿ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ರೂಪಾಯಿ ನಿಗದಿಯಾಗಿದೆ. ಚಿಕಿತ್ಸೆಗೆ ಸಂಬಂಧಿಸಿದಂತೆ, 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಡಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯನ್ನು ನಿಗದಿತ ಆಸ್ಪತ್ರೆಗಳಲ್ಲಿ ಪಡೆಯಬಹುದು.

ಜೋಪಾನ ಮಾಡಬೇಕಾದ ಕಾಗದಗಳು

ಆಸ್ಪತ್ರೆಗೆ ಸೇರಿದಾಗಲೇ ಇದು ರಸ್ತೆ ಅಪಘಾತವೆಂದು ತಿಳಿಸಿ, ವಾಹನದ ನೋಂದಣಿ ಸಂಖ್ಯೆ ಗೊತ್ತಿದ್ದರೆ ಬರೆಸಬೇಕು. ‘ಬಿದ್ದು ಪೆಟ್ಟಾಯಿತು’ ಎಂದು ದಾಖಲಾದರೆ ಮುಂದೆ ವಿಮಾ ಕಂಪನಿಯ ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ. ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ, ವಾಹನದ ವಿಮೆಯ ವಿವರ, ಆಸ್ಪತ್ರೆಯ ಬಿಡುಗಡೆ ಪತ್ರ, ಔಷಧದ ಪ್ರತಿ ರಸೀದಿ, ಎಕ್ಸ್‌ರೇ ಇವೆಲ್ಲವೂ ಬೇಕು. ಸಂಬಳದ ಚೀಟಿ ಇಲ್ಲದವರು ಬ್ಯಾಂಕ್ ಪಾಸ್‌ಬುಕ್, ವ್ಯಾಪಾರದ ಪರವಾನಗಿ ಅಥವಾ ಕೆಲಸ ಕೊಟ್ಟವರ ಸಾಕ್ಷ್ಯವನ್ನು ಒದಗಿಸಬಹುದು.

ವಾಹನಕ್ಕೆ ವಿಮೆ ಇಲ್ಲದಿದ್ದರೆ ಪರಿಹಾರದ ಹೊಣೆ ಮಾಲೀಕರದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು. ನ್ಯಾಯಮಂಡಳಿಯ ತೀರ್ಪು ತೃಪ್ತಿ ತಾರದಿದ್ದರೆ 90 ದಿನಗಳೊಳಗೆ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.