ಮನೆಹೆಸರೇ ತಂಡದ ಹೆಸರು

ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಂಡ ಕಟ್ಟುವುದು ಒಕ್ಕಗಳು. ಒಬ್ಬ ಮೂಲಪುರುಷನ ಪೀಳಿಗೆಯಾಗಿ ಒಂದೇ ಐನ್‌ಮನೆಗೆ, ಅಂದರೆ ಮೂಲಮನೆಗೆ, ಸೇರಿದ ಮನೆತನವನ್ನು ಕೊಡವರು ಒಕ್ಕ ಎನ್ನುತ್ತಾರೆ. ಆ ಮನೆಹೆಸರು ಹೊತ್ತವರೆಲ್ಲ ಹುಟ್ಟುತ್ತಲೇ ತಂಡದ ಅಭಿಮಾನಿಗಳು. ಮೊದಲ ಪಂದ್ಯದಲ್ಲೇ ಸೋತು ಹೊರಬಿದ್ದರೂ ಮುಂದಿನ ವರ್ಷ ಬೇರೊಂದು ತಂಡದತ್ತ ವಾಲುವ ಮಾತೇ ಇಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳ ಪಾಡು ಮಾತ್ರ ಸ್ವಲ್ಪ ಬೇರೆ: ತವರಿಗೂ ಗಂಡನ ಮನೆಗೂ ಪಂದ್ಯ ಬಿದ್ದ ದಿನ ಯಾರ ಕಡೆ ಕೂರಬೇಕೆಂಬುದು ಅವಳಿಗೆ ಬಿಟ್ಟದ್ದು.

ಉತ್ಸವ ಶುರುವಾದದ್ದು 1997ರಲ್ಲಿ, ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ. ಹಾಕಿ ತೀರ್ಪುಗಾರರಾಗಿದ್ದ ಪಾಂಡಂಡ ಕುಟ್ಟಪ್ಪ, ಜನರ ಬಾಯಲ್ಲಿ ಕುಟ್ಟಣಿ, ಇದರ ಜನಕ. ಸೇನೆ, ನೌಕರಿ ಎಂದು ದೂರದೂರುಗಳಿಗೆ ಚದುರಿದ ಮನೆತನಗಳನ್ನು ವರ್ಷಕ್ಕೊಮ್ಮೆ ಒಂದು ಮೈದಾನದಲ್ಲಿ ಕೂಡಿಸುವುದು ಅವರ ಯೋಚನೆ. ಆ ವರ್ಷ ಬಂದದ್ದು 60 ಒಕ್ಕಗಳು. ಮುಂದೆ ಕೊಡಗಿನಲ್ಲಿ 2018ರ ಭೂಕುಸಿತ, ಅದರ ಬೆನ್ನಿಗೇ ಕೊರೊನಾ. 2019ರಿಂದ ನಾಲ್ಕು ವರ್ಷ ಪಂದ್ಯಗಳು ನಡೆಯಲಿಲ್ಲ. ಅಷ್ಟು ದೊಡ್ಡ ಬಿಡುವಿನ ನಂತರ ಉತ್ಸಾಹ ಕುಗ್ಗಬೇಕಿತ್ತು. ಆದದ್ದು ಬೇರೆ: 2023ರಲ್ಲಿ 336, 2024ರಲ್ಲಿ 360, 2025ರಲ್ಲಿ 396 ಒಕ್ಕಗಳು ಹೆಸರು ಕೊಟ್ಟವು. 2024ರ ಉತ್ಸವ ಗಿನ್ನೆಸ್ ದಾಖಲೆಗೂ ಸೇರಿತು.

ಪ್ರತಿ ವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ. ಕಪ್ಪಿಗೆ ಆ ಒಕ್ಕದ ಹೆಸರು. 2018ರಲ್ಲಿ ಕುಲ್ಲೇಟಿರ, 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ಕುಂಡ್ಯೋಳಂಡ ಮನೆತನಗಳು ನಾಪೋಕ್ಲಿನಲ್ಲಿ ನಡೆಸಿದವು. 2025ರಲ್ಲಿ ಮುದ್ದಂಡ ಒಕ್ಕ ಮಡಿಕೇರಿಗೆ ತಂದಿತು. ಸುಮಾರು ಒಂದು ತಿಂಗಳ ಆಟ. ಕಾಫಿ ಕೊಯ್ಲು ಮುಗಿದು, ಶಾಲೆಗಳಿಗೆ ರಜೆ ಬಿದ್ದು, ಮುಂಗಾರು ಇನ್ನೂ ಹಿಡಿಯದ ಬೇಸಿಗೆಯೇ ಅದಕ್ಕೆ ಸರಿಯಾದ ಕಾಲ. ಬೆಂಗಳೂರಿನಲ್ಲಿರುವವರೂ ಹೊರದೇಶದವರೂ ರಜೆಯನ್ನು ಇದಕ್ಕೆಂದೇ ಹೊಂದಿಸಿಕೊಳ್ಳುತ್ತಾರೆ. ಒಂದೇ ತಂಡದಲ್ಲಿ ಹೆಂಗಸರು, ಗಂಡಸರು, ಶಾಲಾಮಕ್ಕಳು, ತಲೆ ನರೆತವರು ಆಡುತ್ತಾರೆ. ಭಾರತಕ್ಕೆ ಆಡಿದವರಿರುವ ಮನೆತನದ ಎದುರು, ಬೇಸಿಗೆಗೊಮ್ಮೆ ಮಾತ್ರ ಸ್ಟಿಕ್ ಹಿಡಿಯುವವರ ತಂಡ ನಿಲ್ಲಬೇಕಾಗುತ್ತದೆ. ಗೋಲುಗಳ ಅಂತರ ನೋಡಿದರೆ ಕೆಲವು ಪಂದ್ಯಗಳಿಗೆ ಅರ್ಥವಿಲ್ಲ ಎನಿಸಬಹುದು. ಆದರೆ ಆ ದಿನ ಮೈದಾನದ ಬದಿಗೆ ಬಂದ ನೆಂಟರ ಸಂಖ್ಯೆ ಗೋಲುಗಳ ಮೇಲೆ ನಿಂತಿರುವುದಿಲ್ಲ.

ಕೊಡವರ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ ದೇಶಕ್ಕೆಲ್ಲ ಬರೀ ಸೋಮಯ್ಯ. ಮನೆಯಂಗಳದಲ್ಲಿ ಮನೆಯಪಂಡ ಒಕ್ಕದವರು. 1972ರ ಮ್ಯೂನಿಕ್ ಕಂಚಿನ ಎಂ.ಪಿ. ಗಣೇಶ್ ಮೊಳ್ಳೇರ ಮನೆತನದವರು.

ಫುಟ್‌ಬಾಲ್‌ನಲ್ಲಿ ಅಭಿಮಾನ ಬೇರೆ ದಾರಿಯಲ್ಲಿ ಬೆಳೆಯುತ್ತದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ಬೆಂಬಲಿಗರ ಬಳಗ 'ವೆಸ್ಟ್ ಬ್ಲಾಕ್ ಬ್ಲೂಸ್'ಗೆ ಹೆಸರು ಬಂದದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಿಂದ. ತಂಡ ಕಂಠೀರವಕ್ಕೆ ಹೋದರೂ ಹೆಸರು ಉಳಿಯಿತು. ಅಲ್ಲಿ ಅಪರಿಚಿತರು ಜೊತೆಗೆ ಕೂತು ಬಳಗವಾದರು. ಒಕ್ಕಗಳ ಹಾಕಿಯಲ್ಲಿ ಬಳಗವೇ ಮೊದಲು, ತಂಡ ಆಮೇಲೆ.

ಕೊಡಗು ಜಿಲ್ಲೆಯಲ್ಲೂ ಎಲ್ಲೆಡೆ ಒಕ್ಕದ ಆಟವಿಲ್ಲ. ಜಿಲ್ಲೆಯ ಉತ್ತರದ ತುದಿಯ ಶನಿವಾರಸಂತೆ ಹಾಸನ ಜಿಲ್ಲೆಗೆ ಅಂಟಿದ ಕನ್ನಡದ ಸೀಮೆ. ಒಕ್ಕದ ಕಪ್ಪಿಗೆ ಆಡುವವರು ಇಲ್ಲಿ ಕಡಿಮೆ. ಹಾಕಿಯೇನೂ ದೂರವಲ್ಲ: ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಇಬ್ಬರೂ ಪಕ್ಕದ ಸೋಮವಾರಪೇಟೆಯಿಂದ ಒಲಿಂಪಿಕ್ಸ್‌ಗೆ ಹೋದವರು. ಮನೆಹೆಸರಿನಲ್ಲಿ ಆಡುವ ಪದ್ಧತಿಯೂ ಕೊಡವರಲ್ಲಷ್ಟೇ ಉಳಿಯಲಿಲ್ಲ. ಕೊಡಗಿನ ಅರೆಭಾಷೆ ಗೌಡರು ಅದನ್ನು ಕ್ರಿಕೆಟ್ಟಿಗೆ ತಂದು, ಕುಟುಂಬಗಳ ನಡುವೆ ಪಂದ್ಯಾವಳಿ ನಡೆಸುತ್ತಾರೆ.