ಬಿಸಿಲಿಗೆ ಕರಗಿದ್ದು, ಬೆಂಕಿಗೆ ಮುರಿದದ್ದು

ಪುಷ್ಯದ ಚಳಿ. ಗಂಡಸಿಯ ತೋಟಗಳ ಮೇಲೆ ಕವಿದ ಮಂಜು ಇನ್ನೂ ಸರಿದಿಲ್ಲ. ತೆಂಗಿನ ಗರಿಯಿಂದ ಜಾರಿದ ಹನಿ ಕೆಳಗಿನ ಮಟ್ಟೆಯ ರಾಶಿಗೆ ಟಪ್ಪೆಂದು ಬೀಳುತ್ತದೆ. ಹ್ಯಾಂಡ್‌ಪೋಸ್ಟಿನ ಕಡೆಯಿಂದ ಬಸ್ಸಿನ ಹಾರನ್ನು. ಜಗಲಿಯಲ್ಲಿ ಹತ್ತನೇ ತರಗತಿಯ ಹುಡುಗಿ ಶಾಲು ಹೊದ್ದು ಕಾರ್ಬನ್ನಿನ ಪಾಠ ತೆರೆದು ಕೂತಿದ್ದಾಳೆ. ಒಳಗಿಂದ ಅಜ್ಜಿಯ ದನಿ: "ಎಣ್ಣೆ ಗಟ್ಟಿಯಾಗೈತೆ, ಒಸಿ ಬಿಸ್ಲಿಗಿಡು ಕಣವ್ವ."

ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ಹೀಗೇ. ಬಿಸಿಲು ಏರಿದಂತೆ ಅಂಚಿನಿಂದ ಕರಗಿ, ನಡುವೆ ಬಿಳಿಯ ಗಡ್ಡೆಯೊಂದು ಉಳಿಯುತ್ತದೆ.

ಕರಗುವಾಗ ಸಡಿಲವಾದದ್ದು ಒಂದು ಅಣುವಿಗೂ ಪಕ್ಕದ ಅಣುವಿಗೂ ಇದ್ದ ದುರ್ಬಲ ಸೆಳೆತ ಮಾತ್ರ. ಅಣುವಿನ ಒಳಗಿನ ಸಹವೇಲೆನ್ಸೀಯ ಬಂಧ ಕದಲಿಲ್ಲ. ಈ ಎಣ್ಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಲಾರಿಕ್ ಆಮ್ಲದ್ದು 12 ಕಾರ್ಬನ್‌ಗಳ ಸರಪಳಿ. ಕಾರ್ಬನ್ನಿನ ಹೊರಕವಚದಲ್ಲಿ ಇರುವುದು 4 ಎಲೆಕ್ಟ್ರಾನು, ತುಂಬಲು ಬೇಕಾದದ್ದು 8. ನಾಲ್ಕನ್ನು ಕೊಟ್ಟುಬಿಡುವುದೂ ಕಷ್ಟ, ನಾಲ್ಕನ್ನು ಕಿತ್ತುಕೊಳ್ಳುವುದೂ ಕಷ್ಟ. ಉಳಿದ ದಾರಿ ಹಂಚಿಕೆ, ಅದೇ ಸಹವೇಲೆನ್ಸೀಯ ಬಂಧ. ಬದುವಿನ ಮೇಲಿನ ಬಾವಿಯನ್ನು ಎರಡೂ ತೋಟದವರು ತಮ್ಮದೆಂದೇ ಎಣಿಸುವ ಹಾಗೆ, ನಡುವಿನ ಜೋಡಿ ಎಲೆಕ್ಟ್ರಾನುಗಳು ಎರಡೂ ಪರಮಾಣುಗಳ ಲೆಕ್ಕಕ್ಕೆ ಸೇರುತ್ತವೆ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಮುಂದಿಟ್ಟದ್ದು ಈ ಜೋಡಿಯ ಲೆಕ್ಕವನ್ನೇ.

ಹೊತ್ತೇರುತ್ತಲೇ ಅಟ್ಟದಿಂದ ಕಾಯಿ ಇಳಿಸುವ ಗದ್ದಲ. ಧೂಳು, ನಾರು, ಒಣಗಿದ ಕೊಬ್ಬರಿಯ ಸಿಹಿ ಕಮಟು. ಒಬ್ಬ ಕಾಯೊಂದನ್ನು ಕಿವಿಯ ಹತ್ತಿರ ಅಲುಗಿಸುತ್ತಾನೆ: ಗಡಗಡ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ನೀರು ಆರಿ, ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡಿದೆ. ಆರಿಹೋದ ನೀರಿನ ಅಣುಗಳೂ ಇಡಿಯಾಗಿಯೇ ಹೋದವು. ಒಂದು ಆಕ್ಸಿಜನ್, ಎರಡು ಹೈಡ್ರೋಜನ್, ಎರಡು ಜೋಡಿ ಎಲೆಕ್ಟ್ರಾನು. ಕಾಯಿ ಬಿಟ್ಟವೇ ಹೊರತು ಒಂದನ್ನೊಂದು ಬಿಡಲಿಲ್ಲ.

ಸಂಜೆ ಮುದ್ದೆಗೆ ಎಸರಿಡುವ ಹೊತ್ತು. ಅಜ್ಜಿ ನಾಲ್ಕು ಚಿಪ್ಪು ಒಲೆಗೆ ತುರುಕಿ ಕಡ್ಡಿ ಗೀರುತ್ತಾಳೆ. ಮೊದಲು ಹೊಗೆ, ಚಟಪಟ, ಆಮೇಲೆ ಹಳದಿ ಜ್ವಾಲೆ. ಬಂಧ ಮುರಿಯುವುದು ಇಲ್ಲಿ. ಚಿಪ್ಪಿನ ಕಾರ್ಬನ್ ತನ್ನ ಹಳೆಯ ಜೊತೆ ಬಿಟ್ಟು ಗಾಳಿಯ ಆಕ್ಸಿಜನ್ನನ್ನು ಸೇರುತ್ತದೆ, ಒಂದೊಂದರ ಜೊತೆಗೂ ಎರಡೆರಡು ಜೋಡಿ ಹಂಚಿಕೊಂಡು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಹೈಡ್ರೋಜನ್ ನೀರಿನ ಆವಿಯಾಗಿ ಹೊರಬೀಳುತ್ತದೆ.

ಬಂಧ ಮುರಿದದ್ದರಿಂದಲೇ ಕಾವು ಬಂತೆಂದು ಪರೀಕ್ಷೆಯಲ್ಲಿ ಬರೆಯುವವರುಂಟು. ಅದು ತಪ್ಪು. ಮುರಿಯುವುದಕ್ಕೆ ಶಕ್ತಿ ತೆರಬೇಕು, ಕಡ್ಡಿ ಗೀರುವುದೇ ಅದಕ್ಕೆ. ಶಕ್ತಿ ಹೊರಬರುವುದು ಹೊಸ ಬಂಧ ಕೂಡಿದಾಗ. ಕೂಡಿದಾಗ ಸಿಕ್ಕಿದ್ದರಲ್ಲಿ ಮುರಿಯಲು ತೆತ್ತದ್ದನ್ನು ಕಳೆದರೆ ಉಳಿಯುವುದೇ ಒಲೆಯ ಕಾವು. ಆ ಉಳಿಕೆಯಲ್ಲೇ ಅಜ್ಜಿಯ ಎಸರು ಕೊತಕೊತ ಕುದಿಯುತ್ತಿದೆ. ಅವಳು ರಾಗಿ ಹಿಟ್ಟಿನ ಡಬ್ಬಕ್ಕೆ ಕೈಹಾಕುತ್ತಾಳೆ.