ಊಟಕ್ಕೆ ತಕ್ಕ ಲೋಟ

"ಇವತ್ತು ಅಡುಗೆ ಏನು ಮಾಡಲಿ?" ದಿನ ಬೆಳಗಾದರೆ ನಮ್ಮನ್ನು ಕಾಡುವ ಪ್ರಶ್ನೆ ಇದು. ಆದರೆ "ಊಟದ ಜೊತೆ ಕುಡಿಯೋದಕ್ಕೆ ಏನು ಕೊಡಲಿ?" ಎಂದು ಎಂದಾದರೂ ಯೋಚಿಸಿದ್ದೀರಾ? ತಟ್ಟೆಯ ಪಕ್ಕ ಒಂದು ಲೋಟ ನೀರಿಟ್ಟರೆ ಮುಗೀತು, ಅಲ್ಲವೇ?

ಫ್ರಾನ್ಸ್ ದೇಶದಲ್ಲಿ ಇದೂ ಅಡುಗೆಯ ಲೆಕ್ಕಕ್ಕೇ ಸೇರಿದ್ದು. ಮೀನಿನ ಅಡುಗೆಯಾದರೆ ಸ್ವಲ್ಪ ಹುಳಿಯಾದ ಬಿಳಿ ವೈನ್, ಜಿಡ್ಡಿನ ಮಾಂಸವಾದರೆ ಒಗರಾದ ಕೆಂಪು ವೈನ್ ಎನ್ನುವುದು ಅಲ್ಲಿನ ಹಳೆಯ ರೂಢಿ. ಇದು ಬರೀ ಶೋಕಿಯಲ್ಲ. ಹುಳಿಯಾಗಲಿ ಒಗರಾಗಲಿ ಬಾಯಿಯ ಜಿಡ್ಡನ್ನು ಕಳೆಯುತ್ತದೆ. ಹಾಗಾಗಿ ಕೊನೆಯ ತುತ್ತೂ ಮೊದಲ ತುತ್ತಿನಷ್ಟೇ ರುಚಿಸುತ್ತದೆ.

"ಅಯ್ಯೋ, ನಮ್ಮನೇಲಿ ವೈನಾ!" ಎಂದು ಗಾಬರಿಯಾಗಬೇಡಿ. ಆ ಬಾಟಲಿ ನಮಗೆ ಬೇಡ, ಆ ಲೆಕ್ಕ ಮಾತ್ರ ಸಾಕು. ನಿಜ ಹೇಳಬೇಕೆಂದರೆ ಈ ಲೆಕ್ಕ ನಮ್ಮ ಅಜ್ಜಿಯರಿಗೂ ಚೆನ್ನಾಗಿ ಗೊತ್ತಿತ್ತು.

ಖಾರಕ್ಕೆ ಮಜ್ಜಿಗೆ: ಜೋಳದ ರೊಟ್ಟಿ, ಎಣಗಾಯಿ, ಕೆಂಪು ಮೆಣಸಿನಕಾಯಿಯ ರಂಜಕ ಇದ್ದ ಕಡೆ ಮಜ್ಜಿಗೆ ಇದ್ದೇ ಇರುತ್ತದೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ. ನೀರು ಕುಡಿದಷ್ಟೂ ಬಾಯೆಲ್ಲ ಹರಡುತ್ತದೆ. ಹಾಲು ಮೊಸರಿನಲ್ಲಿರುವ ಪ್ರೋಟೀನು ಆ ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಮಗು ಖಾರ ತಿಂದು ಅಳುತ್ತಿದ್ದರೆ ನೀರಿಗೆ ಓಡಬೇಡಿ, ಎರಡು ಗುಟುಕು ಮಜ್ಜಿಗೆ ಕುಡಿಸಿ.

ತೆಂಗಿನಕಾಯಿ ಅಡುಗೆಗೆ ಹುಳಿ: ಕಾಯಿ ಅರೆದು ಹಾಕುವ ಕರಾವಳಿಯ ಅಡುಗೆಗೆ ಪುನರ್ಪುಳಿ ಒಳ್ಳೆಯ ಜೋಡಿ. ಶಿರಸಿ ಕಡೆಯವರು ಇದನ್ನೇ ಮುರುಗಲು ಎನ್ನುತ್ತಾರೆ. ಮಾವಿನಕಾಯಿಯ ಕಾಲದಲ್ಲಿ ಅವರು ಕುಡಿಯುವ ಅಪ್ಪೆಹುಳಿಯ ಗುಟ್ಟೂ ಇದೇ. ಹತ್ತು ಒಣ ಪುನರ್ಪುಳಿ ಸಿಪ್ಪೆಯನ್ನು ತೊಳೆದು, ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ ಸೋಸಿ. ರುಚಿಗೆ ಬೆಲ್ಲ, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಸೇರಿಸಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾತ್ರ ಇಡಬೇಡಿ, ಹುಳಿಗೆ ಕಿಲುಬು ಬಿಡುತ್ತದೆ.

ಹಬ್ಬದೂಟಕ್ಕೆ: ತುಪ್ಪ ಸುರಿದ ಒಬ್ಬಟ್ಟು, ಕರಿದ ಆಂಬೊಡೆ ತಿಂದ ಮೇಲೆ ಶುಂಠಿ, ಇಂಗು, ಕರಿಬೇವು ಹಾಕಿದ ನೀರು ಮಜ್ಜಿಗೆ ಎಷ್ಟು ಹಿತ! ರಾಮನವಮಿಯಲ್ಲಿ ಪಾನಕದ ಜೊತೆ ಕೋಸಂಬರಿ ಕೊಡುವುದೂ ಇಂಥದೇ ಜೋಡಿ. ಒಂದು ಸಿಹಿ, ಇನ್ನೊಂದು ಉಪ್ಪು ಹುಳಿ.

ಇನ್ನು ಸಂಜೆಯ ಬಜ್ಜಿಗೆ ಚಹಾ ಯಾಕೆ ಅಷ್ಟು ಹೊಂದುತ್ತದೆ? ಚಹಾದ ಒಗರು ಎಣ್ಣೆಯ ಜಿಡ್ಡನ್ನು ಕಳೆಯುತ್ತದೆ. ಕೆಂಪು ವೈನಿನ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಅಂಶದ ಬಳಗವೇ ಚಹಾದಲ್ಲೂ ಇದೆ.

ಆದರೆ ಇಲ್ಲೇ ಒಂದು ಎಚ್ಚರಿಕೆಯ ಮಾತು. ಇದೇ ಒಗರು ಊಟದ ಹೊತ್ತಿನಲ್ಲಿ ಬಂದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು, ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಾಫಿಯಲ್ಲೂ ಈ ಕೆಲಸ ಮಾಡುವ ಅಂಶಗಳಿವೆ. ಊಟದ ಬೆನ್ನಿಗೇ ಕಾಫಿ ಚಹಾ ಕುಡಿಯುವವರು ಯಾರು ಹೇಳಿ? ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದದ್ದನ್ನು ಉಂಡು, "ಪಾತ್ರೆ ಆಮೇಲೆ ತೊಳೆದರಾಯ್ತು, ಒಂದು ಲೋಟ ಬಿಸಿ ಕುಡಿಯೋಣ" ಎಂದು ಒಲೆ ಹಚ್ಚುವ ನಾವೇ ತಾನೇ!

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣ ಹಲವು, ಪಾಪ, ಕಾಫಿಯೊಂದೇ ಅಲ್ಲ. ಆದರೆ ಖರ್ಚಿಲ್ಲದೆ ನಾವೇ ತಿದ್ದಿಕೊಳ್ಳಬಹುದಾದ ತಪ್ಪು ಇದು. ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ ಕಾಫಿ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯೂ ಹೇಳಿದೆ.

ಹಾಗಾದರೆ ಏನು ಮಾಡೋಣ? ಎರಡು ಗಂಟೆಗೆ ಊಟವಾದರೆ ಕಾಫಿಯನ್ನು ಮೂರೂವರೆಗೆ ಮುಂದೂಡಿ, ಬಿಡಬೇಕಾಗಿಲ್ಲ! ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಮಾಡಿದ ದಿನ ಪಕ್ಕದಲ್ಲಿ ಒಂದು ಲೋಟ ನಿಂಬೆಹಣ್ಣಿನ ನೀರಿರಲಿ. ನಿಂಬೆಯ ಸಿ ಜೀವಸತ್ವ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ. ಚಿತ್ರಾನ್ನಕ್ಕಾಗಲಿ ಸಾರಿಗಾಗಲಿ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕುದಿಸಿದರೆ ಆ ಸತ್ವ ಕಡಿಮೆಯಾಗುತ್ತದೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದರೆ ಅದನ್ನು ಹಾಲು, ಕಾಫಿಯ ಜೊತೆ ನುಂಗಬೇಡಿ. ಸುಮ್ಮಸುಮ್ಮನೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಕಾಣಿಸಿಕೊಂಡರೆ, "ವಯಸ್ಸಾಯ್ತು ಬಿಡಿ" ಎನ್ನದೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.

ಮಾವನವರಿಗೆ ಉಪ್ಪು ಕಡಿಮೆ ಹಾಕಿದ ಮಜ್ಜಿಗೆ, ಯಜಮಾನರಿಗೆ ಬಿಸಿನೀರು, ಮಗನಿಗೆ ಪಾನಕ ಎಂದು ಒಬ್ಬೊಬ್ಬರಿಗೂ ನೆನಪಿಟ್ಟು ಕೊಡುತ್ತೀರಿ. ನಾಳೆಯಿಂದ ನಿಮ್ಮ ತಟ್ಟೆಯ ಪಕ್ಕದಲ್ಲೂ ಒಂದು ಲೋಟ ನಿಂಬೆಹಣ್ಣಿನ ನೀರು ಇಟ್ಟುಕೊಳ್ಳಿ. ಮರೆಯಬೇಡಿ!